ಒಂಬತ್ತನೆಯ ಚಿತ್ರ

ಹದಿನಾರು ವರ್ಷ ನಾನು ಜಪಾನೀ ಮಾತಿನ ನಡುವೆ ಕೂತು ಸಂಬಳ ತೆಗೆದುಕೊಂಡೆ. ಆದರೂ ನನಗೆ ಜಪಾನೀ ಬರುತ್ತದೆ ಎಂದು ಹೇಳುವ ಧೈರ್ಯ ಇಂದಿಗೂ ಇಲ್ಲ. ನನ್ನ ಕೆಲಸ ಕಲಿಸುವುದಲ್ಲ, ಕಲಿಸುವ ಕಂಪ್ಯೂಟರುಗಳನ್ನು ಕಾಯುವುದು. ಕೆನಡಾದ ರೆಕ್ಸ್‌ಡೇಲಿನ ಒಂದು ಪ್ಲಾಜಾದ ಮಹಡಿಯ ಮೇಲೆ ವಯಸ್ಕರ ಶಾಲೆಯೊಂದಿತ್ತು. ಅದರ ಭಾಷಾ ಲ್ಯಾಬಿಗೆ ನಾನು ಅಸಿಸ್ಟೆಂಟ್. ಬೆಳಿಗ್ಗೆ ಮೆಷಿನ್ನುಗಳನ್ನು ಆನ್ ಮಾಡುವುದು, ಹೆಡ್‌ಫೋನುಗಳನ್ನು ಒರೆಸಿಡುವುದು, ಬಂದವರ ಹೆಸರು ಬರೆದುಕೊಂಡು ಅವರವರ ಪಾಠ ತೆರೆದುಕೊಡುವುದು, ಸಂಜೆ ಎಲ್ಲ ಮುಚ್ಚಿ ಬಸ್ಸು ಹಿಡಿಯುವುದು. ಇಂಥ ಕೆಲಸಕ್ಕೆ ಈಗ ಸೇರುವ ಹುಡುಗ ಹುಡುಗಿಯರಿಗೆ ಹೇಳಲು ನನ್ನ ಬಳಿ ದೊಡ್ಡ ಗುಟ್ಟೇನೂ ಇಲ್ಲ. ಒಂದು ತಪ್ಪಿದೆ. ಅದನ್ನೇ ಹೇಳುತ್ತೇನೆ.

ಅದಕ್ಕೂ ಮೊದಲು ನಾನು ಮೈಸೂರಿನ ಒಂದು ಪ್ರೈಮರಿ ಶಾಲೆಯಲ್ಲಿ ಗಣಿತದ ಟೀಚರಾಗಿದ್ದೆ. ಮಗ್ಗಿ ಹೇಳಿಸುವುದರಲ್ಲಿ ನನ್ನದು ಎತ್ತಿದ ಕೈ. ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಎರಡೊಂದ್ಲಿ ಎರಡರಿಂದ ಶುರುಮಾಡಿ ಇಪ್ಪತ್ತರ ಮಗ್ಗಿಯವರೆಗೆ ಏರುತ್ತಿದ್ದರೆ ಕಿಟಕಿಯ ಹೊರಗೆ ಹೋಗುವವರು ನಿಂತು ಕೇಳುತ್ತಿದ್ದರು. ಕ್ರಮ ತಪ್ಪದೆ ನೂರು ಸಲ ಹೇಳಿದರೆ ಕಲ್ಲಿಗೂ ವಿದ್ಯೆ ಬರುತ್ತದೆ ಎಂಬ ನಂಬಿಕೆ ನನ್ನದು. ತೊಂಬತ್ತರ ದಶಕದ ಮೊದಲಲ್ಲಿ ಗಂಡನ ಜೊತೆ ಕೆನಡಾಕ್ಕೆ ಬಂದಾಗ ಸೀರೆ, ಪಾತ್ರೆಗಳ ಜೊತೆ ಆ ನಂಬಿಕೆಯೂ ಸೂಟ್‌ಕೇಸಿನಲ್ಲಿ ಬಂದಿತು.

ನಾನು ಸೇರಿದಾಗ ಲ್ಯಾಬಿನಲ್ಲಿ ಇದ್ದದ್ದು ಕ್ಯಾಸೆಟ್ಟುಗಳು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದೇ ಆಗಿನ ತಾಂತ್ರಿಕ ವಿದ್ಯೆ. ಮೂರು ನಾಲ್ಕು ವರ್ಷಗಳಲ್ಲಿ ಸಿ.ಡಿ. ಬಂತು, ಅದರ ಜೊತೆ ಚಿತ್ರದ ಕೋರ್ಸು ಬಂತು. ಆ ಕೋರ್ಸಿನಲ್ಲಿ ಇಂಗ್ಲಿಷಿನ ಒಂದಕ್ಷರವೂ ಇರಲಿಲ್ಲ. ಪರದೆಯ ಮೇಲೆ ಚಿತ್ರಗಳು ಬರುತ್ತವೆ, ಕಿವಿಯಲ್ಲಿ ಒಬ್ಬ ಹೆಂಗಸು ಜಪಾನೀ ಭಾಷೆಯಲ್ಲಿ ಒಂದು ವಾಕ್ಯ ಹೇಳುತ್ತಾಳೆ, ಆ ವಾಕ್ಯದ ಚಿತ್ರ ಯಾವುದೋ ಅದನ್ನು ಒತ್ತಬೇಕು. ಅರ್ಥ ಯಾರೂ ಹೇಳುವುದಿಲ್ಲ. ಮಗು ತಾಯಿಯ ಮಾತನ್ನು ಹೇಗೆ ಕಲಿಯುತ್ತದೋ ಹಾಗೆ ಮುಳುಗಿ ಕಲಿಯಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಒಂದೊಂದು ಪಾಠಕ್ಕೂ ಹನ್ನೆರಡು ಚಿತ್ರ. ಮೊದಲನೆಯ ಪಾಠದಲ್ಲಿ ಬಿಳಿ ಕುದುರೆ ಓಡುತ್ತಿತ್ತು, ಮುದುಕಿ ಬಾಳೆಹಣ್ಣು ತಿನ್ನುತ್ತಿದ್ದಳು, ಕೆಂಪು ಕಾರು ನಿಂತಿತ್ತು. ಅದೇ ಪಾಠದ ಒಂಬತ್ತನೆಯ ಚಿತ್ರದಲ್ಲಿ ಒಬ್ಬ ಹುಡುಗ ಮೇಜಿನ ಕೆಳಗೆ ಕೂತು ನಮ್ಮನ್ನು ನೋಡಿ ನಗುತ್ತಿದ್ದ. ಯಾಕೆ ಕೂತಿದ್ದ, ಯಾರ ಮಗ, ಯಾರಿಗೂ ಗೊತ್ತಿಲ್ಲ.

ಆ ಕೋಣೆಯನ್ನು ನೆನೆದರೆ ಈಗಲೂ ಅರೆನಿದ್ದೆಯಲ್ಲಿದ್ದಂತೆ ಆಗುತ್ತದೆ. ಹೊರಗೆ ಹಿಮ, ಒಳಗೆ ಹೀಟರಿನ ಬಿಸುಪು, ಇಪ್ಪತ್ತು ಪರದೆಗಳ ನೀಲಿ ಬೆಳಕು, ಹೆಡ್‌ಫೋನ್ ಹಾಕಿಕೊಂಡ ಇಪ್ಪತ್ತು ಜನ. ಎಲ್ಲರೂ ತಮ್ಮಷ್ಟಕ್ಕೆ ತಾವೇ ಗುನುಗುತ್ತಿರುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಗುರ್‌ದೀಪ್ ಎಂಬ ಟ್ರಕ್ ಡ್ರೈವರೊಬ್ಬ ಕುದುರೆ ಓಡುತ್ತಿದೆ ಎಂದು ಹೇಳುತ್ತ ಹೇಳುತ್ತ ಹಾಗೇ ನಿದ್ದೆ ಹೋಗುತ್ತಿದ್ದ. ಜಪಾನೀ ಯಾಕೆ ಕಲಿಯುತ್ತೀರಿ ಎಂದು ಕೇಳಿದರೆ, ಟ್ರಕ್ಕಿನಲ್ಲಿ ಪಂಜಾಬಿ ಹಾಡು ಕೇಳಿ ಕೇಳಿ ಬೇಜಾರಾಗಿದೆ ಎನ್ನುತ್ತಿದ್ದ. ಉಚ್ಚಾರ ಅಳೆಯುವುದಕ್ಕೆ ಮೈಕಿನ ಪಕ್ಕದಲ್ಲಿ ಒಂದು ಬಣ್ಣದ ಪಟ್ಟಿ, ಸರಿಯಾದರೆ ಹಸಿರು. ಒಮ್ಮೆ ನಾನು ಕೆಮ್ಮಿದ್ದಕ್ಕೂ ಅದು ಹಸಿರಾಯಿತು. ಮನೆಗೆ ಹೋಗುವ ಬಸ್ಸಿನಲ್ಲಿ ಎದುರಿಗೆ ಕೂತ ಮುದುಕಿ ಬಾಳೆಹಣ್ಣು ಸುಲಿದರೆ ನನ್ನ ಕಿವಿಯೊಳಗೆ ಆ ಜಪಾನೀ ಹೆಂಗಸು ತಾನಾಗಿ ಮಾತಾಡುತ್ತಿದ್ದಳು.

ನನ್ನ ಮೇಲಿನವಳು ಡೋರೀನ್. ಲ್ಯಾಬಿನ ಕೋಆರ್ಡಿನೇಟರ್. ನನ್ನ ಹೆಸರು ಸುಮಿತ್ರಾ ಎಂದು ಎಷ್ಟು ಹೇಳಿದರೂ ಸೂ ಎಂದೇ ಕರೆದಳು. ನಿಯಮ ಎಂದರೆ ಅವಳಿಗೆ ದೇವರು. ಕೋರ್ಸಿನ ಸೆಟ್ಟಿಂಗುಗಳನ್ನು ಯಾರೂ ಮುಟ್ಟಬಾರದು ಎಂದು ಪ್ರತಿ ಮೆಷಿನ್ನಿನ ನೆತ್ತಿಯ ಮೇಲೂ ಚೀಟಿ ಅಂಟಿಸಿದ್ದಳು. ಆ ಚೀಟಿ ವಿದ್ಯಾರ್ಥಿಗಳಿಗೆ, ನನಗಲ್ಲ ಎಂದು ನಾನು ಅರ್ಥ ಮಾಡಿಕೊಂಡೆ.

ಕೋರ್ಸನ್ನು ಅದರ ಪಾಡಿಗೆ ಬಿಟ್ಟರೆ ಅದು ಚಿತ್ರಗಳನ್ನು ಪ್ರತಿ ಸಲವೂ ಕಲಸಿ ತೋರಿಸುತ್ತಿತ್ತು. ಇವತ್ತು ಕುದುರೆ ಮೊದಲು ಬಂದರೆ ನಾಳೆ ಕೊನೆಯಲ್ಲಿ. ಜನ ಗೊಂದಲಗೊಂಡು ಮುಖ ಸಣ್ಣ ಮಾಡಿಕೊಳ್ಳುವುದನ್ನು ನೋಡಿ ನನಗೆ ಸಂಕಟವಾಯಿತು. ಮಗ್ಗಿಯನ್ನು ಯಾರಾದರೂ ಏಳಾರು, ಏಳೆರಡು, ಏಳೊಂಬತ್ತು ಎಂದು ಕಲಿಸುತ್ತಾರೆಯೇ? ಒಂದು ದಿನ ಹುಡುಕಿ ನೋಡಿದೆ. ಸೆಟ್ಟಿಂಗಿನೊಳಗೆ ಕಲಸುವುದಕ್ಕೆಂದೇ ಒಂದು ಚೌಕ, ಅದರಲ್ಲಿ ಸರಿ ಗುರುತು. ಆ ಗುರುತನ್ನು ಇಪ್ಪತ್ತು ಮೆಷಿನ್ನಿನಲ್ಲೂ ತೆಗೆದುಹಾಕಿದೆ. ಅಂದಿನಿಂದ ಚಿತ್ರಗಳು ಒಂದೇ ಕ್ರಮದಲ್ಲಿ, ಒಂದೇ ಜಾಗದಲ್ಲಿ ಬಂದವು. ತಿಂಗಳೊಳಗೆ ಎಲ್ಲರ ಅಂಕವೂ ತೊಂಬತ್ತು ದಾಟಿತು. ಲ್ಯಾಬಿನ ಶಿಸ್ತು ನೋಡಿ ಶಾಲೆಯವರು ಡೋರೀನಳನ್ನು ಹೊಗಳಿದರು, ಡೋರೀನ್ ನನಗೆ ಕೇಕ್ ತಂದುಕೊಟ್ಟಳು. ನಾನು ಅದನ್ನು ಸಂತೋಷವಾಗಿ ತಿಂದೆ.

ಕಸ್ತೂರಿ ಬಂದದ್ದು ಆಮೇಲೆ, ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾದ ಮೇಲೆ. ಬೈಲಹೊಂಗಲದ ಕಡೆಯವರು, ಬ್ರ್ಯಾಂಪ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಕೆಲಸ. ಬೆಳಗಿನ ಶಿಫ್ಟು ಮುಗಿಸಿ ಎರಡು ಬಸ್ಸು ಬದಲಿಸಿ ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಕಬ್ಬಿಣದ ಮುಂಗಾಲಿನ ಸೇಫ್ಟಿ ಶೂ ಹಾಕಿಕೊಂಡೇ ಬರುತ್ತಿದ್ದರು. ನಾನು ಕನ್ನಡದವಳು ಎಂದು ಗೊತ್ತಾದ ಕೂಡಲೇ ಹೆಡ್‌ಫೋನ್ ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿಕೊಂಡರು. ಒಬ್ಬಳೇ ಮಗಳು ವಿದ್ಯಾ ಇಲ್ಲಿ ಓದುವಾಗ ಪರಿಚಯವಾದ ಜಪಾನೀ ಹುಡುಗನನ್ನು ಮದುವೆಯಾಗಿ ಅವನ ಊರಿಗೆ ಹೋಗಿದ್ದಾಳೆ. ಈಗ ಬಸುರಿ. ಅಳಿಯನಿಗೆ ಹಡಗಿನ ಕಂಪನಿಯಲ್ಲಿ ಕೆಲಸ, ತಿಂಗಳುಗಟ್ಟಲೆ ಮನೆಯಲ್ಲಿ ಇರುವುದಿಲ್ಲ. ಮನೆಯಲ್ಲಿರುವುದು ಬೀಗಿತ್ತಿ ಸಾಚಿಕೋ ಒಬ್ಬರೇ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಕಸ್ತೂರಿಗೆ ಬರುವ ಇಂಗ್ಲಿಷ್ ವೇರ್‌ಹೌಸಿಗೆ ಸಾಕಾಗುವಷ್ಟು.

“ಚೊಚ್ಚಲ ಬಾಣಂತನ ರೀ ಟೀಚರ, ತಾಯಿ ಮಾಡಬೇಕು,” ಎಂದರು. “ಆಕಿ ಬ್ಯಾಡ ಅಂತಾಳ. ನಾ ಹೆರಿಗಿ ಬ್ಯಾನಿ ತಿನ್ಲೋ, ನಿಮ್ಮಿಬ್ಬರ ನಡುವ ಮಾತ ಹೇಳ್ಕೋಂತ ಕೂಡ್ಲೋ ಅಂತಾಳ. ಮಾತ ಕಲ್ತ ಬಾ, ಕರಸ್ಕೋತೀನಿ ಅಂದಾಳ.”

ವಿದ್ಯಾ ಇದನ್ನೆಲ್ಲ ಹೇಳಿದ್ದು ಇಂಗ್ಲಿಷಿನಲ್ಲಿ. ಇಲ್ಲೇ ಬೆಳೆದ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷ್. ತಾಯಿ ಒಂದು ಭಾಷೆಯಲ್ಲಿ ಕೇಳುವುದು, ಮಗಳು ಇನ್ನೊಂದರಲ್ಲಿ ಉತ್ತರ ಕೊಡುವುದು ಆ ಮನೆಯ ರೂಢಿಯಾಗಿತ್ತು. ಹೆರಿಗೆಗೆ ಇನ್ನು ಆರು ತಿಂಗಳಿತ್ತು. ಚಿಂತೆ ಮಾಡಬೇಡಿ, ಕ್ರಮವಾಗಿ ಕಲಿತರೆ ಬಂದೇ ಬರುತ್ತದೆ ಎಂದು ನಾನು ಭರವಸೆ ಕೊಟ್ಟೆ.

ಅವರು ಕಲಿತ ರೀತಿಯನ್ನು ನೋಡಬೇಕಿತ್ತು. ಸಂಜೆ ಐದಕ್ಕೆ ನಾನು ಬಾಗಿಲು ಹಾಕುವವರೆಗೂ ಏಳುತ್ತಿರಲಿಲ್ಲ. ಬೀಸುವ ಪದ ಹೇಳುವಂತೆ ಜಪಾನೀ ವಾಕ್ಯಗಳಿಗೆ ಒಂದು ರಾಗ ಹಾಕಿಕೊಂಡಿದ್ದರು. ಕಣ್ಣು ಮುಚ್ಚಿ ಹೇಳುತ್ತಿದ್ದರೆ ನನಗೆ ಮೈಸೂರಿನ ಕ್ಲಾಸು ಕಣ್ಣಮುಂದೆ ಬರುತ್ತಿತ್ತು. ನಾಲ್ಕು ತಿಂಗಳಲ್ಲಿ ಹತ್ತು ಪಾಠ, ಹತ್ತಕ್ಕೂ ನೂರಕ್ಕೆ ನೂರು. ಶಾಲೆಯ ಸರ್ಟಿಫಿಕೇಟನ್ನು ನಾನೇ ಪ್ರಿಂಟ್ ಮಾಡಿ ಕೊಟ್ಟೆ. ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅಂದೇ ಮಗಳಿಗೆ ಫೋನ್ ಮಾಡಿದರು. ಮಗಳು ಒಪ್ಪಿದಳು, ಟಿಕೇಟು ತೆಗೆದದ್ದಾಯಿತು. ಹೊರಡುವುದಕ್ಕೆ ಆರು ವಾರವಿತ್ತು.

ಬೀಗಿತ್ತಿಯ ಜೊತೆ ಒಂದು ಮಾತಾಡಿಬಿಡುತ್ತೇನೆ, ನೀವು ಪಕ್ಕದಲ್ಲಿರಿ ಎಂದು ಒಂದು ಶನಿವಾರ ಸಂಜೆ ಲ್ಯಾಬು ಮುಚ್ಚುವ ಹೊತ್ತಿಗೆ ಕಾಲಿಂಗ್ ಕಾರ್ಡ್ ಹಿಡಿದುಕೊಂಡು ಬಂದರು. ಅಲ್ಲಿ ಆಗ ಭಾನುವಾರದ ಬೆಳಗು. ಆಫೀಸಿನ ಫೋನಿನ ಸ್ಪೀಕರ್ ಹಾಕಿದೆ. ಸಾಚಿಕೋ ಅವರ ದನಿ ತೆಳ್ಳಗೆ ನಯವಾಗಿ ಬಂತು. ಅವರು ಏನೋ ಕೇಳಿದರು. ನನಗೆ ತಿಳಿದ ಮಟ್ಟಿಗೆ, ಯಾವಾಗ ಬರುತ್ತೀರಿ ಎಂದು.

ಕಸ್ತೂರಿ ಕಣ್ಣು ಮುಚ್ಚಿದರು. ಬಿಳಿ ಕುದುರೆ ಓಡುತ್ತಿದೆ ಎಂದರು. ಆ ಕಡೆಯಿಂದ “ಹಾಯ್” ಎಂದು ಬಂತು. ಅವರಲ್ಲಿ ಹೌದು ಎನ್ನುವುದಕ್ಕೆ ಹಾಗೆನ್ನುತ್ತಾರೆ. ಮುದುಕಿ ಬಾಳೆಹಣ್ಣು ತಿನ್ನುತ್ತಿದ್ದಾಳೆ ಎಂದರು. ಹಾಯ್. ಕೆಂಪು ಕಾರು ನಿಂತಿದೆ. ಹಾಯ್. ಏಳೆಂಟ್ಲಿ ಎಷ್ಟು ಎಂದು ಕೇಳಿದರೆ ಏಳೊಂದ್ಲಿ ಏಳರಿಂದ ಬೆರಳೆಣಿಸುತ್ತ ಏರಿ ಬರುವ ಮಗುವಿನ ಹಾಗೆ ಅವರು ಬೇಕಾದ ಮಾತನ್ನು ಹುಡುಕುತ್ತ ಮೊದಲ ಪಾಠದ ಮೆಟ್ಟಿಲು ಹತ್ತುತ್ತಿದ್ದರು. ಒಂಬತ್ತನೆಯದಕ್ಕೆ ಬಂದರು. “ಒತೊಕೊನೊಕೊ ವಾ ತೇಬುರು ನೊ ಶಿತಾ ನಿ ಇಮಾಸು.” ಹುಡುಗ ಮೇಜಿನ ಕೆಳಗಿದ್ದಾನೆ. ಈ ಸಲ ಹಾಯ್ ಬರಲಿಲ್ಲ. ಕಸ್ತೂರಿ ಕಣ್ಣು ತೆರೆದು ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನನ್ನು ನೋಡಿದರು.

“ಟೀಚರ, ಪಟ ಎಲ್ಲೈತ್ರಿ? ಪಟ ಇಲ್ಲದ ನಾ ಏನಂತ ಹೇಳ್ಲಿ?”

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಮೊದಲು ಕಂಡದ್ದು ಆ ಚೌಕ, ಅದರಿಂದ ನಾನು ತೆಗೆದ ಗುರುತು. ಅವರು ಕಲಿತದ್ದು ಭಾಷೆಯನ್ನಲ್ಲ, ಕ್ರಮವನ್ನು. ಆ ಕ್ರಮ ಜಪಾನಿನವರದ್ದೂ ಅಲ್ಲ, ಕೋರ್ಸಿನದ್ದೂ ಅಲ್ಲ, ನನ್ನದು. ಲೈನ್ ಸರಿಯಿಲ್ಲ ಎಂದು ಕಸ್ತೂರಿಗೆ ಸುಳ್ಳು ಹೇಳಿ ಫೋನ್ ಇಟ್ಟೆ.

ಒಂದು ವಾರ ಬಾಯಿ ಬಿಡಲಿಲ್ಲ. ಹೇಳದೆ ಇದ್ದರೂ ನಡೆಯುತ್ತಿತ್ತು ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. ಅವರು ವಿಮಾನ ಹತ್ತುತ್ತಾರೆ, ಅಲ್ಲಿ ಮೂಕರಾಗುತ್ತಾರೆ, ತಮ್ಮ ತಲೆಯೇ ದಡ್ಡು ಎಂದುಕೊಳ್ಳುತ್ತಾರೆ. ನನ್ನ ಹೆಸರು ಎಲ್ಲೂ ಬರುವುದಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಬ್ರ್ಯಾಂಪ್ಟನ್ನಿಗೆ ಅವರ ಮನೆಗೆ ಹೋದೆ. ಬೇಸ್‌ಮೆಂಟಿನ ಮನೆ. ಅಡುಗೆಮನೆಯ ದೇವರ ಗೂಡಿನ ಪಕ್ಕದಲ್ಲಿ, ಕುಂಕುಮ ಸಿಡಿಯುವಷ್ಟು ಹತ್ತಿರ, ನಾನು ಕೊಟ್ಟ ಸರ್ಟಿಫಿಕೇಟು ಗಾಜಿನ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಮೇಜಿನ ಮೇಲೆ ಮಗಳಿಗೆಂದು ಹುರಿದಿಟ್ಟ ಅಂಟು, ಒಣಕೊಬ್ಬರಿ, ಉತ್ತತ್ತಿ. ಬಾಣಂತಿಗೆ ಕೊಡುವ ಅಂಟಿನುಂಡಿಗೆ ಬೇಕಾದದ್ದೆಲ್ಲ ಎರಡು ತಿಂಗಳ ಮೊದಲೇ ಕೂಡಿಸಿಟ್ಟಿದ್ದರು.

ನಿಂತುಕೊಂಡೇ ಹೇಳಿದೆ. ಚೌಕದ ವಿಷಯ, ಮಗ್ಗಿಯ ವಿಷಯ ಎಲ್ಲ. ಆ ನೂರು ಅಂಕ ಸುಳ್ಳು, ತಪ್ಪು ನನ್ನದು ಎಂದೆ. ಅವರು ಒಲೆ ಆರಿಸಿದರು.

“ಮಗಳಿಗೆ ನೂರಕ್ಕ ನೂರು ಅಂತ ಹೇಳೀನ್ರಿ,” ಎಂದರು ಮೆಲ್ಲಗೆ. “ಅದನ್ನ ಕೇಳೇ ಆಕಿ ಹ್ಞೂಂ ಅಂದಾಳ.”

ಬೈದಿದ್ದರೆ ಚೆನ್ನಾಗಿತ್ತು. ಅವರು ತಟ್ಟೆ ಹಾಕಿ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದರು. ನಾನು ತಲೆ ತಗ್ಗಿಸಿ ತಿಂದೆ. ಉಂಡಾದ ಮೇಲೆ ಕಟ್ಟನ್ನು ಗೋಡೆಯಿಂದ ಇಳಿಸಿ ಮುಖ ಕೆಳಗೆ ಮಾಡಿ ಫ್ರಿಜ್ಜಿನ ಮೇಲಿಟ್ಟರು. ಇನ್ನು ಐದು ವಾರ ಐತಲ್ರಿ ಎಂದು ಕೇಳಿದರು. ಇದೆ ಎಂದೆ.

ಸೋಮವಾರ ಡೋರೀನಳಿಗೂ ಹೇಳಿದೆ. ಅವಳು ಚೀಟಿಯ ಕಡೆ ಬೆರಳು ತೋರಿಸಿದಳು, ನನ್ನ ಕಡೆ ನೋಡಲಿಲ್ಲ. ಇಪ್ಪತ್ತು ಮೆಷಿನ್ನುಗಳಿಗೂ ಗುರುತನ್ನು ಮತ್ತೆ ಹಾಕಿಸಿದಳು. ಕೋರ್ಸು ಮುಗಿಸಿದ ಪ್ರತಿಯೊಬ್ಬರಿಗೂ ನನ್ನ ಕೈಯಲ್ಲೇ ಕಾಗದ ಬರೆಸಿ, ಬೇಕಾದರೆ ಮತ್ತೆ ಬನ್ನಿ ಎಂದು ಕರೆಸಿದಳು. ಗುರ್‌ದೀಪ್ ಬಂದು, ಮೊದಲ ಸಲ ನಿದ್ದೆಯಲ್ಲೇ ಕಲಿತೆ, ಈ ಸಲ ಎಚ್ಚರವಾಗಿ ಕಲಿಯುತ್ತೇನೆ ಎಂದು ನಕ್ಕ. ನನ್ನ ಫೈಲಿನಲ್ಲಿ ಏನು ಬರೆದಳೋ ನಾನು ಕೇಳಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಕಲಸಿದ ಚಿತ್ರಗಳ ಮುಂದೆ ಕಸ್ತೂರಿ ಮೊದಲ ಸಲ ಕೂತಾಗ ಬಂದದ್ದು ಹನ್ನೊಂದು ಅಂಕ. ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡರು.

ಆ ಐದು ವಾರಗಳು ನಾನು ಕಂಡ ಕನಸೊಂದರ ಹಾಗೆ ಉಳಿದಿವೆ. ವಾರದ ದಿನ ಲ್ಯಾಬು, ಭಾನುವಾರ ಅವರ ಅಡುಗೆಮನೆ. ಅಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಹೊಸ್ತಿಲಾಚೆ ಬಿಡಬೇಕು ಎಂದು ನಾವೇ ಕಟ್ಟಳೆ ಮಾಡಿಕೊಂಡಿದ್ದೆವು. ಕೋರ್ಸಿನಲ್ಲಿ ಕುದುರೆ ಇತ್ತು, ಬಾಣಂತಿ ಇರಲಿಲ್ಲ. ಹಾಗಾಗಿ ನಾನು ಡಿಕ್ಷನರಿ ನೋಡಿ ಬೇಕಾದ ಮಾತುಗಳನ್ನು ಹೆಕ್ಕಿಕೊಂಡು ಹೋಗುತ್ತಿದ್ದೆ. ಅವರಲ್ಲಿ ತಣ್ಣೀರಿಗೆ ಮಿಜು, ಬಿಸಿನೀರಿಗೆ ಒಯು, ಬೇರೆ ಬೇರೆ ಹೆಸರು. ಬಾಣಂತಿಯ ಮನೆಯಲ್ಲಿ ಇದು ಮೊದಲು ತಿಳಿಯಬೇಕಾದದ್ದು ಎಂದು ಕಸ್ತೂರಿ ಎರಡು ಲೋಟ ಇಟ್ಟುಕೊಂಡು ಮುಟ್ಟಿ ಮುಟ್ಟಿ ಹೇಳಿದರು. ನೆಲಮಾಳಿಗೆಯ ಸಣ್ಣ ಕಿಟಕಿಯ ಮಟ್ಟಕ್ಕೆ ಹಿಮ ಬಿದ್ದಿರುತ್ತಿತ್ತು. ಅದರ ಮೇಲಿಂದ ಬಿಸಿಲು ಹಾಲಿನಂತೆ ಒಳಗೆ ಇಳಿಯುತ್ತಿತ್ತು. ಇಬ್ಬರು ನಡುವಯಸ್ಸಿನ ಹೆಂಗಸರು ನಮ್ಮ ಮಾತನ್ನು ಬಿಟ್ಟು ಚಮಚ, ಬಟ್ಟೆ, ಹೊಟ್ಟೆ, ಎದೆ, ಹಸಿವು ಎಂದು ಬೆರಳು ಮಾಡಿ ತೋರಿಸುತ್ತ, ತಡವರಿಸುತ್ತ, ನಗುತ್ತ ಇದ್ದೆವು. ಎಷ್ಟೋ ಸಲ ನಾನು ಎಲ್ಲಿದ್ದೇನೆ ಎಂಬುದು ಮರೆತುಹೋಗುತ್ತಿತ್ತು. ಮುಳುಗಿ ಕಲಿಯುವುದು ಎಂದು ಡಬ್ಬಿಯ ಮೇಲೆ ಬರೆದದ್ದು ಇದನ್ನೇ ಇರಬೇಕು ಎಂದು ನನಗೆ ಆಗ ಹೊಳೆಯಿತು.

ಹೊರಡುವ ಮೂರು ದಿನ ಮೊದಲು ಕೊನೆಯ ಪರೀಕ್ಷೆ. ಮೂವತ್ತೆಂಟು ಬಂತು. ಕಸ್ತೂರಿ ಬೆರಳು ಮಡಿಚಿ ಲೆಕ್ಕ ಹಾಕಿದರು.

“ನಮ್ಮಲ್ಲಿ ಮೂವತ್ತೈದಕ್ಕ ಪಾಸಲ್ರಿ. ಮ್ಯಾಲ ಮೂರು ಬಂದಾವ,” ಎಂದರು. “ಇದರ ಸರ್ಟಿಫಿಕೇಟ್ ಕೊಡ್ರಿ.”

ಎಪ್ಪತ್ತಕ್ಕಿಂತ ಕಡಿಮೆ ಬಂದವರಿಗೆ ಕೊಡುವ ನಿಯಮವಿರಲಿಲ್ಲ. ಆದರೂ ಡೋರೀನಳ ಬಳಿ ಹೋಗಿ ಕೇಳಿದೆ. ಅವಳು ಕನ್ನಡಕದ ಮೇಲಿನಿಂದ ಗಾಜಿನಾಚೆ ಕೂತಿದ್ದ ಕಸ್ತೂರಿಯನ್ನು, ಅವರ ಸೇಫ್ಟಿ ಶೂಗಳನ್ನು ನೋಡಿದಳು. ಆ ನೂರು ಯಾರದ್ದು ಎಂದು ನನಗೆ ಗೊತ್ತಿಲ್ಲ, ಈ ಮೂವತ್ತೆಂಟು ಮಾತ್ರ ಅವಳದ್ದೇ ಎಂದು ಹೇಳಿ, ತಾನೇ ಟೈಪ್ ಮಾಡಿ ಸಹಿ ಹಾಕಿದಳು. ನಿಯಮದವಳು ಎಂದು ನಾನು ಹೊರಿಸಿದ್ದ ಹೆಸರನ್ನು ಅಂದು ಮನಸ್ಸಿನಲ್ಲೇ ಅಳಿಸಿಹಾಕಿದೆ.

ಅಂದು ಸಂಜೆ ಅದೇ ಆಫೀಸಿನಿಂದ ಮಗಳಿಗೆ ಫೋನ್. ಸ್ಪೀಕರ್ ಹಾಕಿಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತಮ್ಮದು ನೂರಲ್ಲ, ಮೂವತ್ತೆಂಟು ಎಂದು ಹೇಳಿದರು. ನನ್ನ ತಪ್ಪಿನ ಮಾತು ಎತ್ತಲೇ ಇಲ್ಲ. ಬರಬೇಡ ಎಂದರೆ ಬರುವುದಿಲ್ಲ, ಟಿಕೇಟು ಹೋದರೆ ಹೋಗಲಿ ಎಂದರು. ಕಸ್ತೂರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ನಾನು ಮನಸ್ಸಿನಲ್ಲೇ ಚಾಮುಂಡಿಗೆ ಹರಕೆ ಹೊತ್ತೆ.

“ಬಾ ಅವ್ವಾ,” ಎಂದಳು ವಿದ್ಯಾ. “ನೀ ಬಾ.”

ಕಸ್ತೂರಿ ಫೋನ್ ಇಟ್ಟು, ಕನ್ನಡ ಮಾತಾಡಿದ್ಲಲ್ರಿ ಎಂದು ನನ್ನ ಕೈ ಹಿಡಿದುಕೊಂಡರು. ಇಬ್ಬರೂ ಅತ್ತೆವು.

ಮೂರು ತಿಂಗಳ ಬಾಣಂತನ ಮುಗಿಸಿ ಅವರು ತಿರುಗಿ ಬಂದಾಗ ಬೇಸಿಗೆ. ಗಂಡು ಮಗು. ಲ್ಯಾಬಿಗೆ ಬಂದು ಎಲ್ಲ ಹೇಳಿದರು. ಹೋದ ಮೊದಲ ದಿನ ಸಾಚಿಕೋ ಚಹಾ ಕೊಟ್ಟು, ಒಳಗಿನಿಂದ ಒಂದು ಚೀಟಿ ತಂದು ಮುಂದಿಟ್ಟರಂತೆ. ಅಂದು ಫೋನಿನಲ್ಲಿ ಇವರು ಹೇಳಿದ್ದನ್ನೆಲ್ಲ ಕುದುರೆಯಿಂದ ಹಿಡಿದು ಒಂದೂ ಬಿಡದೆ ಬರೆದಿಟ್ಟುಕೊಂಡಿದ್ದರು. ಭಾರತದವರು ಶುಭಕಾರ್ಯಕ್ಕೆ ಮೊದಲು ಹೇಳುವ ಮಾತಿರಬೇಕು ಎಂದುಕೊಂಡಿದ್ದರಂತೆ. ಎಲ್ಲ ಸರಿ, ಮೇಜಿನ ಕೆಳಗಿರುವ ಆ ಹುಡುಗ ಯಾರು ಎಂದು ಕೇಳಿದರಂತೆ. ಕಸ್ತೂರಿ ತಮಗೆ ಬರುವ ಮೂವತ್ತೆಂಟರಷ್ಟು ಮಾತಿನಲ್ಲಿ ಕಂಪ್ಯೂಟರಿನ ಕಥೆ ಹೇಳಿದಾಗ ಬೀಗಿತ್ತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರೂ ನಗು ನಿಲ್ಲಲಿಲ್ಲವಂತೆ. ಅಂಟಿನುಂಡಿ ಕಟ್ಟುವುದನ್ನು ಪಕ್ಕದಲ್ಲೇ ಕೂತು ಕಲಿತುಕೊಂಡರಂತೆ.

ಆಮೇಲೆ ವಿಧಾನಗಳು ಬದಲಾದವು. ಇಂಟರ್ನೆಟ್ಟಿನಲ್ಲೇ ಕೋರ್ಸು ಬಂತು, ಜನ ಮನೆಯಲ್ಲೇ ಕೂತು ಕಲಿಯತೊಡಗಿದರು, ಲ್ಯಾಬಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಲ್ಯಾಬು ಮುಚ್ಚಿತು, ನಾನೂ ನಿವೃತ್ತಳಾದೆ. ಈಗಿನ ಮೆಷಿನ್ನುಗಳು ಕೆಮ್ಮಿಗೆ ಹಸಿರು ತೋರಿಸುವುದಿಲ್ಲ ಎನ್ನುತ್ತಾರೆ. ಇರಬಹುದು. ಹೊಸಬರಿಗೆ ಇಷ್ಟೇ ಹೇಳುತ್ತೇನೆ: ಅಂಕ ಚೆನ್ನಾಗಿ ಬಂದಾಗ ಒಮ್ಮೆ ಚಿತ್ರವನ್ನು ಮುಚ್ಚಿ ಮಾತಾಡಿಸಿ ನೋಡಿ.

ಕಸ್ತೂರಿಯ ಮನೆಗೆ ಈಗಲೂ ಹೋಗುತ್ತೇನೆ. ದೇವರ ಗೂಡಿನ ಪಕ್ಕ ಹಳೆಯ ಕಟ್ಟಿನಲ್ಲಿ ಮೂವತ್ತೆಂಟು ಇದೆ. ಅದರ ಹಿಂದೆ ನೂರು ಹಾಗೇ ಇದೆ, ಬಿಸಾಡಲು ಮನಸ್ಸಾಗಲಿಲ್ಲವಂತೆ.

ಆದರೆ ನನಗೆ ನೆನಪಿಗೆ ಬರುತ್ತಲೇ ಇರುವುದು ಅವರು ತಿರುಗಿ ಬಂದ ವರ್ಷದ ಕೊನೆಯ ಒಂದು ಶನಿವಾರ. ಲ್ಯಾಬು ಮುಚ್ಚುವ ಹೊತ್ತು, ಹೊರಗೆ ಮೊದಲ ಹಿಮ. ಫೋನು ಬಂತು. ಕಸ್ತೂರಿ ಒಂದೇ ಉಸಿರಿಗೆ ಹೇಳಿದರು. ಬೀಗಿತ್ತಿ ಪ್ರತಿ ವಾರ ಫೋನ್ ಮಾಡುತ್ತಾರೆ, ಮೊಮ್ಮಗ ಅಂಬೆಗಾಲಿಡುತ್ತಾನೆ. ಇವತ್ತು ಮಾತಾಡುತ್ತ ಮಾತಾಡುತ್ತ ನಡುವೆ ನಿಲ್ಲಿಸಿ, ನಗುತ್ತ, ಒಂದು ವಾಕ್ಯ ಹೇಳಿದರಂತೆ. ಒತೊಕೊನೊಕೊ ವಾ ತೇಬುರು ನೊ ಶಿತಾ ನಿ ಇಮಾಸು.

“ಎಣಿಸಲಿಲ್ರಿ ಟೀಚರ,” ಎಂದರು ಕಸ್ತೂರಿ. “ಕುದುರಿ ಬರಲಿಲ್ಲ, ಮುದುಕಿ ಬರಲಿಲ್ಲ. ಸೀದಾ ನನ್ನ ಮೊಮ್ಮಗ ಕಂಡ.”